ಬಸ್ಸಿನಲ್ಲಿ ಬಿಟ್ಟಿ, ವಿಮಾನದಲ್ಲಿ ರಿವಾರ್ಡ್

ದುಡ್ಡು ಕೊಡದೆ ಪ್ರಯಾಣ ಮಾಡುವುದಕ್ಕೆ ನಮ್ಮಲ್ಲಿ ಈಗ ಎರಡು ಹೆಸರುಗಳಿವೆ. ಬೇಮಳಖೇಡದ ಹೆಂಗಸು ಆಧಾರ್ ಕಾರ್ಡ್ ತೋರಿಸಿ, ಶೂನ್ಯ ಟಿಕೆಟ್ ಪಡೆದು ಹುಮನಾಬಾದಿಗೆ ಹೋದರೆ ಅದು ಬಿಟ್ಟಿ. ಬೆಂಗಳೂರಿನ ಮ್ಯಾನೇಜರು ಪಾಯಿಂಟ್ ಕೊಟ್ಟು ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚಿ ಮಲಗಿಕೊಂಡು ಲಂಡನ್ನಿಗೆ ಹೋದರೆ ಅದು ರಿವಾರ್ಡ್. ಮೊದಲನೆಯದು ರಾಜ್ಯವನ್ನು ದಿವಾಳಿ ಎಬ್ಬಿಸುತ್ತದಂತೆ, ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದಂತೆ. ಎರಡನೆಯದು ಜಾಣತನ. ಯಾವ ಕಾರ್ಡ್ ಉಜ್ಜಿದರೆ ಎಷ್ಟು ಪಾಯಿಂಟ್, ಅದನ್ನು ಯಾವ ಕಂಪನಿಗೆ ವರ್ಗಾಯಿಸಿದರೆ ಹೆಚ್ಚು ಲಾಭ ಎಂದು ಹೇಳಿಕೊಡುವ ವಿಡಿಯೊಗಳನ್ನು ಜನ ರಾತ್ರಿಯೆಲ್ಲ ಕೂತು ನೋಡುತ್ತಾರೆ. ಈ ಎರಡೂ ಮಾತನ್ನು ಒಂದೇ ಬಾಯಿ, ಒಂದೇ ಊಟದ ಹೊತ್ತಿನಲ್ಲಿ ಆಡುವುದನ್ನು ಕೇಳಿ ಕೇಳಿ ಸಾಕಾಗಿದೆ. ಆ ಬಾಯಿಗೆ ಉತ್ತರ ಕೊಡಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಸ್ಸಿನ ಲೆಕ್ಕ ನೋಡೋಣ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಮುಚ್ಚಿಟ್ಟದ್ದೇನೂ ಇಲ್ಲ. ಕಂಡಕ್ಟರ್ ಹರಿದುಕೊಡುವ ಶೂನ್ಯ ಟಿಕೆಟ್ಟಿಗೂ ಒಂದು ದರ ದಾಖಲಾಗುತ್ತದೆ. ಆ ಮೊತ್ತವನ್ನು ಸರ್ಕಾರ ಸಾರಿಗೆ ನಿಗಮಕ್ಕೆ ಕಟ್ಟಿಕೊಡಬೇಕು. ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಇದೆ, ಸದನದಲ್ಲಿ ಅದರ ಮೇಲೆ ಜಗಳವಾಗುತ್ತದೆ, ಬಾಕಿ ಉಳಿದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. 2025ರ ಜುಲೈ 14ರಂದು 500 ಕೋಟಿಯ ಟಿಕೆಟ್ ಕೊಡುವುದಕ್ಕೆ ಮುಖ್ಯಮಂತ್ರಿಗಳೇ ಬಸ್ ಹತ್ತಿದ್ದರು. ಯೋಜನೆ ಬೇಡ ಎನ್ನುವವರು ಧಾರಾಳವಾಗಿ ಬೇಡ ಎನ್ನಲಿ. ಹಾಗೆ ಅನ್ನುವುದಕ್ಕೆ ಬೇಕಾದ ಅಂಕಿ ಅಂಶಗಳೆಲ್ಲ ಸರ್ಕಾರವೇ ಅವರ ಕೈಗೆ ಕೊಟ್ಟಿದೆ.

ಈ ಬಿಟ್ಟಿ ಎಷ್ಟು ದೂರ ಹೋಗುತ್ತದೆ ಎನ್ನುವುದನ್ನೂ ನೋಡಬೇಕು. ಅದು ಸಾಮಾನ್ಯ ಬಸ್ಸಿಗೆ ಮಾತ್ರ, ರಾಜ್ಯದ ಗಡಿಯೊಳಗೆ ಮಾತ್ರ. ಅಂತರರಾಜ್ಯ ಬಸ್ಸಿಗೆ ಶಕ್ತಿ ಅನ್ವಯಿಸುವುದಿಲ್ಲ. ಬೆಂಗಳೂರಿನಲ್ಲಿ ಕೂತವರಿಗೆ ಇದು ಸಣ್ಣ ಷರತ್ತು. ಆದರೆ ಹುಮನಾಬಾದ್ ಸೀಮೆಯವರಿಗೆ ದೊಡ್ಡ ಪಟ್ಟಣವೆಂದರೆ ಹೈದರಾಬಾದ್. ದೊಡ್ಡ ಆಸ್ಪತ್ರೆ ಅಲ್ಲಿ, ಕಟ್ಟಡದ ಕೂಲಿ ಅಲ್ಲಿ, ಮಗಳನ್ನು ಕೊಟ್ಟ ಮನೆಯೂ ಎಷ್ಟೋ ಸಲ ಆ ಕಡೆಗೇ. ಜಹೀರಾಬಾದಿನ ಬಸ್ ಹತ್ತಿದ ಕೂಡಲೇ ಅವಳು ಪೂರ್ತಿ ಟಿಕೆಟ್ ತೆಗೆಯಬೇಕು. ಗಡಿಯಾಚೆ ತೆಲಂಗಾಣ ಸರ್ಕಾರ 2023ರ ಡಿಸೆಂಬರ್ 9ರಿಂದ ಮಹಾಲಕ್ಷ್ಮಿ ಹೆಸರಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುತ್ತಿದೆ, ಆದರೆ ಅದು ಆ ರಾಜ್ಯದ ಹೆಂಗಸರಿಗೆ. ಎರಡು ರಾಜ್ಯಗಳಲ್ಲಿ ಬಸ್ಸು ಉಚಿತ. ಎರಡರ ನಡುವೆ ನಿಜವಾಗಿ ಓಡಾಡುವವಳು ಮಾತ್ರ ದುಡ್ಡು ಎಣಿಸುತ್ತಾಳೆ. ರಾಜ್ಯವನ್ನು ದಿವಾಳಿ ಎಬ್ಬಿಸುವ ಐಷಾರಾಮ ಇಷ್ಟೇ.

ಇನ್ನು ವಿಮಾನ. ಅಮೆರಿಕದಲ್ಲಿ 1978ರಲ್ಲಿ ವಿಮಾನ ದರದ ಮೇಲಿನ ಸರ್ಕಾರಿ ಹಿಡಿತ ಸಡಿಲಗೊಂಡಿತು. ಕಂಪನಿಗಳ ನಡುವೆ ದರಸಮರ ಶುರುವಾಯಿತು. ಗಿರಾಕಿ ಅಗ್ಗದ ಕಡೆಗೆ ಓಡದ ಹಾಗೆ ಕಟ್ಟಿಹಾಕುವುದಕ್ಕೆ ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಆಡ್ವಾಂಟೇಜ್ ಯೋಜನೆ ತಂದಿತು: ನಮ್ಮಲ್ಲೇ ಹಾರಿ, ಹಾರಿದಷ್ಟೂ ಮೈಲಿ ಜಮಾ, ಜಮಾ ಆದ ಮೇಲೆ ಒಂದು ಟಿಕೆಟ್ ಉಚಿತ. ನಿಷ್ಠೆ ಎಂಬ ಹಳೆಯ ಮಾತಿಗೆ ಅಂದಿನಿಂದ ದರಪಟ್ಟಿ ಬಂತು. ಮುಂದೆ ಬ್ಯಾಂಕುಗಳು ಸೇರಿಕೊಂಡವು. ಕಂಪನಿಗಳು ಪಾಯಿಂಟುಗಳನ್ನು ಬ್ಯಾಂಕಿಗೆ ಮಾರುತ್ತವೆ, ಬ್ಯಾಂಕು ಅವನ್ನು ಕ್ರೆಡಿಟ್ ಕಾರ್ಡಿನ ಗಿರಾಕಿಗೆ ಹಂಚುತ್ತದೆ. ಈ ವ್ಯಾಪಾರ ಎಷ್ಟು ಬೆಳೆಯಿತೆಂದರೆ, ಕೊರೊನಾ ಕಾಲದಲ್ಲಿ, 2020ರ ಜೂನ್‌ನಲ್ಲಿ, ಯುನೈಟೆಡ್ ಏರ್‌ಲೈನ್ಸ್ ತನ್ನ ಪಾಯಿಂಟ್ ಯೋಜನೆಯನ್ನೇ ಅಡವಿಟ್ಟು 500 ಕೋಟಿ ಡಾಲರ್ ಸಾಲಕ್ಕೆ ಮುಂದಾಯಿತು. ಆ ಯೋಜನೆಯ ಬೆಲೆ ಸುಮಾರು 2,200 ಕೋಟಿ ಡಾಲರ್ ಎಂದು ಕಂಪನಿ ತೋರಿಸಿತು. ಷೇರುಪೇಟೆಯಲ್ಲಿ ಆಗ ಇಡೀ ಕಂಪನಿಗೆ ಅಷ್ಟು ಬೆಲೆ ಇರಲಿಲ್ಲ. ವಿಮಾನಕ್ಕಿಂತ ವಿಮಾನದ ಆಸೆಗೇ ಹೆಚ್ಚು ಬೆಲೆ.

ನಮ್ಮಲ್ಲೂ ಈಗ ಇದೇ ದಾರಿ. ವರ್ಷಾನುಗಟ್ಟಲೆ ಇಂಥ ಯೋಜನೆ ಇಲ್ಲದೆಯೇ ದೇಶದ ಅತಿ ದೊಡ್ಡ ಕಂಪನಿಯಾಗಿ ಬೆಳೆದ ಇಂಡಿಗೊ ಕೂಡ 2024ರಲ್ಲಿ ಬ್ಲೂಚಿಪ್ ತಂದಿತು. ಏರ್ ಇಂಡಿಯಾದ ಹಳೆಯ ಫ್ಲೈಯಿಂಗ್ ರಿಟರ್ನ್ಸ್ 2025ರಲ್ಲಿ ಮಹಾರಾಜ ಕ್ಲಬ್ ಆಯಿತು. ಹೆಸರಾದರೂ ಪ್ರಾಮಾಣಿಕವಾಗಿದೆ.

ಈ ಮಹಾರಾಜರ ಖರ್ಚನ್ನು ಕೊಡುವವರು ಯಾರು? ಬಸ್ಸಿನ ಬಗ್ಗೆ ಕೇಳುವ ಈ ಪ್ರಶ್ನೆಯನ್ನು ವಿಮಾನದ ಬಗ್ಗೆಯೂ ಕೇಳಬೇಕಲ್ಲವೇ? ಹುಡುಕುತ್ತಾ ಹೋದರೆ ಕೊಡುವವರು ಇಬ್ಬರು ಸಿಗುತ್ತಾರೆ.

ಮೊದಲನೆಯವರು ಪ್ರಯಾಣಿಕನನ್ನು ಕಳಿಸಿದವರು. ಪಾಯಿಂಟುಗಳ ಲೆಕ್ಕ ಹಿಂದೆ ದೂರದ ಮೇಲಿತ್ತು, ಈಗ ಬಹುಪಾಲು ಕಂಪನಿಗಳಲ್ಲಿ ಟಿಕೆಟ್ಟಿಗೆ ಕೊಟ್ಟ ದುಡ್ಡಿನ ಮೇಲಿದೆ. ತಿಂಗಳ ಮೊದಲೇ ಅಗ್ಗದ ಟಿಕೆಟ್ ಹುಡುಕಿ ಕೊಂಡವನಿಗೆ ಚೂರು, ಕೊನೆಯ ಗಳಿಗೆಯಲ್ಲಿ ದುಬಾರಿ ಟಿಕೆಟ್ ಕೊಂಡವನಿಗೆ ರಾಶಿ. ಕೊನೆಯ ಗಳಿಗೆಯ ದುಬಾರಿ ಟಿಕೆಟ್ಟನ್ನು ಸ್ವಂತ ಜೇಬಿನಿಂದ ಕೊಳ್ಳುವವರು ಎಷ್ಟು ಮಂದಿ? ಅದು ಆಫೀಸಿನ ದುಡ್ಡು. ಟಿಕೆಟ್ ಆಫೀಸಿನದು, ಪಾಯಿಂಟ್ ಮಾತ್ರ ಅವರ ಹೆಸರಿಗೆ. ಕೇಂದ್ರದ ಹಣಕಾಸು ಸಚಿವಾಲಯಕ್ಕೆ ಇದು ಅರ್ಥವಾಗಿದ್ದರಿಂದಲೇ ಒಂದು ಆದೇಶ ಹೊರಡಿಸಿದೆ: ಸರ್ಕಾರಿ ಕೆಲಸದ ಟಿಕೆಟ್ಟಿನಿಂದ ಬಂದ ಮೈಲೇಜ್ ಪಾಯಿಂಟನ್ನು ಇಲಾಖೆಯ ಕೆಲಸದ ಪ್ರಯಾಣಕ್ಕೇ ಬಳಸಬೇಕು, ಖಾಸಗಿ ಪ್ರಯಾಣಕ್ಕೆ ಬಳಸಿದರೆ ಇಲಾಖಾ ಕ್ರಮ. ಜಾಣತನ ಎಂದು ನಾವು ಹೊಗಳುವುದನ್ನು ಸರ್ಕಾರಿ ಕಡತ ತಪ್ಪು ಎಂದು ಬರೆದಿದೆ.

ಇಲ್ಲೇ ಇನ್ನೊಬ್ಬ ಪ್ರಯಾಣಿಕನನ್ನು ನೆನೆಯಬೇಕು. ಬೀದರ್ ಜಿಲ್ಲೆಯಿಂದ ಹೈದರಾಬಾದಿಗೆ ಹೋಗಿ ಅಲ್ಲಿಂದ ಗಲ್ಫಿಗೆ ಹಾರುವ ಕೂಲಿಯವನು. ಅವನೂ ಸಾವಿರಾರು ಮೈಲಿ ಹಾರುತ್ತಾನೆ. ಅವನ ಟಿಕೆಟ್ ತೆಗೆಯುವವನು ಏಜೆಂಟ್. ಸದಸ್ಯತ್ವದ ನಂಬರ್ ಎಂಬುದೊಂದು ಇದೆ, ಅದನ್ನು ಟಿಕೆಟ್ಟಿಗೆ ಹಾಕಿಸಬೇಕು ಎಂದು ಅವನಿಗೆ ಹೇಳುವವರು ಯಾರು? ಹೇಳಿದರೂ, ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವನ ಪಾಯಿಂಟು ಮುಂದಿನ ಟಿಕೆಟ್ಟಿಗೆ ಸಾಲುವಷ್ಟು ಕೂಡಿಬರುವುದು ಯಾವಾಗ? ನಿಷ್ಠೆಯ ಮಾತಾದರೆ ಅವನಷ್ಟು ನಿಷ್ಠೆಯಿಂದ ವಿಮಾನ ಹತ್ತುವವರು ಕಡಿಮೆ. ಅವನಿಗೆ ಬೇರೆ ದಾರಿಯೇ ಇಲ್ಲ.

ಖರ್ಚು ಕೊಡುವ ಎರಡನೆಯವರು ಅಂಗಡಿಯ ಸಾಲಿನಲ್ಲಿ ನಮ್ಮ ಹಿಂದೆ ನಿಂತವರು. ಕ್ರೆಡಿಟ್ ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವನು ಬ್ಯಾಂಕಿಗೆ ಕಮಿಷನ್ ಕೊಡುತ್ತಾನೆ. ಪಾಯಿಂಟಿನ ಒಂದು ಪಾಲು ಹುಟ್ಟುವುದು ಅದರಿಂದ. ಅಂಗಡಿಯವನು ಅದನ್ನು ಕೈಯಿಂದ ಹಾಕುವುದಿಲ್ಲ, ಸಾಮಾನಿನ ಬೆಲೆಗೆ ಸೇರಿಸುತ್ತಾನೆ. ಆ ಬೆಲೆಯನ್ನು ಕಾರ್ಡಿನವನೂ ಕೊಡುತ್ತಾನೆ, ನೋಟು ಎಣಿಸುವವನೂ ಕೊಡುತ್ತಾನೆ; ಪಾಯಿಂಟು ಕಾರ್ಡಿನವನಿಗೆ ಮಾತ್ರ. ಅಮೆರಿಕದ ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದರ ಲೆಕ್ಕ ಹಾಕಿದ್ದರು: ನಗದು ಬಳಸುವ ಸರಾಸರಿ ಕುಟುಂಬ ವರ್ಷಕ್ಕೆ 149 ಡಾಲರ್ ಕಳೆದುಕೊಳ್ಳುತ್ತದೆ, ಕಾರ್ಡ್ ಬಳಸುವ ಸರಾಸರಿ ಕುಟುಂಬಕ್ಕೆ 1,133 ಡಾಲರ್ ಬರುತ್ತದೆ. ಬಡವರಿಂದ ಉಳ್ಳವರಿಗೆ ಹಣ ಹರಿಯುವ ಕಾಲುವೆ ಅದು. ಬೇಮಳಖೇಡದ ಕಿರಾಣಿ ಅಂಗಡಿಯ ಮಾತು ಬೇರೆ. ಅಲ್ಲಿ ಓಡುವುದು ನೋಟು ಮತ್ತು ಫೋನ್‌ಪೇ. 2020ರಿಂದ ಯುಪಿಐ ಪಾವತಿಗೆ ಅಂಗಡಿಯವನಿಂದ ಕಮಿಷನ್ ಕೀಳುವಂತಿಲ್ಲ. ಆದರೆ ಕಲಬುರಗಿಯ ದೊಡ್ಡ ಅಂಗಡಿಯಲ್ಲಿ ಮದುವೆಯ ಫ್ರಿಜ್ಜು ಕೊಂಡಾಗ, ಆನ್‌ಲೈನ್‌ನಲ್ಲಿ ತರಿಸಿದ ಮೊಬೈಲಿಗೆ ಮನೆ ಬಾಗಿಲಲ್ಲಿ ನಗದು ಕೊಟ್ಟಾಗ, ಆ ಕಾಲುವೆಗೆ ಬೇಮಳಖೇಡದ ನೀರೂ ಸೇರುತ್ತದೆ. ಶೂನ್ಯ ಟಿಕೆಟ್ಟಿನಲ್ಲಿ ದರ ದಾಖಲಾಗುತ್ತದೆ ಎಂದೆನಲ್ಲ. ಈ ದರ ಯಾವ ರಸೀದಿಯಲ್ಲೂ ಕಾಣುವುದಿಲ್ಲ.

ಇಷ್ಟಕ್ಕೆ ಮೂರು ಆಕ್ಷೇಪಗಳು ಬರುತ್ತವೆ. "ನಾನು ದುಡ್ಡು ಕೊಟ್ಟು ಗಳಿಸಿದ್ದು" ಎನ್ನುವುದು ಮೊದಲನೆಯದು. ಸ್ವಂತ ದುಡ್ಡಿನಲ್ಲಿ ಹಾರಿ ಗಳಿಸಿದವರ ಮೇಲೆ ನನ್ನ ತಕರಾರಿಲ್ಲ. ಆದರೆ ಬಸ್ಸಿನಲ್ಲಿ ಕೂತವಳೂ ಗಳಿಸಿಯೇ ಕೂತಿದ್ದಾಳೆ. ಸೋಪಿನ ಮೇಲೆ, ಚಪ್ಪಲಿಯ ಮೇಲೆ, ಬೆಂಕಿಪೊಟ್ಟಣದ ಮೇಲೆ ತೆರಿಗೆ ಕಟ್ಟಿದ್ದಾಳೆ. ಅವಳ ತೆರಿಗೆಗೆ ಪಾಯಿಂಟ್ ಕೊಡುವವರು ಇರಲಿಲ್ಲ, ಅಷ್ಟೇ.

ಎರಡನೆಯ ಆಕ್ಷೇಪ ಮನ ಮುಟ್ಟುವಂಥದು. ಅಮೆರಿಕದಲ್ಲಿರುವ ಮಗ ಪಾಯಿಂಟ್ ಕೂಡಿಸಿ, ಹೆರಿಗೆಯ ಹೊತ್ತಿಗೆ ತಾಯಿಯನ್ನು ಕರೆಸಿಕೊಳ್ಳುತ್ತಾನೆ. ಮೊಣಕಾಲು ನೋವಿನ ತಂದೆಗೆ ಅಪ್‌ಗ್ರೇಡ್ ಮಾಡಿಸಿ, ಮಲಗಿಕೊಂಡು ಬರುವ ಹಾಗೆ ಮಾಡುತ್ತಾನೆ. ಎಷ್ಟೋ ಕನ್ನಡ ಕುಟುಂಬಗಳು ಹೀಗೆ ಒಂದನ್ನೊಂದು ಕಂಡಿವೆ, ಅದು ಒಳ್ಳೆಯದೇ. ನಾನು ಕೇಳುವುದಿಷ್ಟೇ: ಹಿರಿಯರ ಮೊಣಕಾಲಿನ ಮೇಲೆ ಇಷ್ಟು ಕರುಣೆ ಇರುವವರು, ಮಗಳ ಮನೆಗೆ ಹೋಗಿ ಬಾಣಂತನ ಮಾಡಿ ಬರುವ ಹಳ್ಳಿಯ ಮುದುಕಿಯ ಶೂನ್ಯ ಟಿಕೆಟ್ಟಿನ ಮೇಲೆ ಯಾಕೆ ಹಲ್ಲು ಕಡಿಯುತ್ತೀರಿ? ಎರಡೂ ಕಡೆ ಒಬ್ಬ ತಾಯಿ ಮಗುವಿನ ಹತ್ತಿರ ಹೋಗುತ್ತಿದ್ದಾಳೆ.

ಮೂರನೆಯದು, ಇದು ಖಾಸಗಿ ಕಂಪನಿಯ ವ್ಯವಹಾರ, ನಿಮಗೇನು ಎನ್ನುವುದು. ಖಾಸಗಿ ಎಂಬ ಮಾತು ಎಲ್ಲಿಯವರೆಗೆ ಎಂದು ಕರ್ನಾಟಕ ನೋಡಿದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಅದರಲ್ಲಿ ಉಚಿತ ಊಟವಿಲ್ಲ, ಬಿಸಿನೆಸ್ ಕ್ಲಾಸೂ ಇಲ್ಲ. ಹಾರದವನನ್ನು ಹಾರಿಸುವುದೇ ಅದರ ವ್ಯಾಪಾರವಾಗಿತ್ತು. ಮುಂದೆ ಅದು ವಿಜಯ್ ಮಲ್ಯರ ಕಿಂಗ್‌ಫಿಷರ್ ಹೊಟ್ಟೆಗೆ ಸೇರಿತು. ಅಲ್ಲಿ ಕಿಂಗ್ ಕ್ಲಬ್ ಇತ್ತು, ಪಾಯಿಂಟಿತ್ತು, ಲೌಂಜಿತ್ತು. 2012ರ ಅಕ್ಟೋಬರಿನಲ್ಲಿ ವಿಮಾನಗಳು ನಿಂತವು. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ, ಬ್ಯಾಂಕುಗಳಿಗೆ ಸಾವಿರಾರು ಕೋಟಿ ಬಾಕಿ. ಆ ಸಾಲ ಕೊಟ್ಟವುಗಳಲ್ಲಿ ಸರ್ಕಾರಿ ಬ್ಯಾಂಕುಗಳೇ ಮುಂದಿದ್ದವು. ರಾಜರ ಕ್ಲಬ್ಬಿನ ಬಿಲ್ಲು ಪ್ರಜೆಗಳ ಬ್ಯಾಂಕಿಗೆ ಬಂತು.

ಅಪ್‌ಗ್ರೇಡ್ ಎಂಬ ಆಸೆಯ ಬಗ್ಗೆಯೂ ಒಂದು ಮಾತು. ಅನುಭವ ಮಂಟಪದ ನೆನಪಿನ ಬಸವಕಲ್ಯಾಣ ಇರುವ ಸೀಮೆಯಿಂದ ನೋಡಿದರೆ, ವಿಮಾನದೊಳಗಿನ ಆ ಪರದೆ ಪಂಕ್ತಿಭೇದದ ಹಾಗೆಯೇ ಕಾಣುತ್ತದೆ. ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ಮನುಷ್ಯರಿಗೆ ದರ್ಜೆ ಕಟ್ಟಿ, ಯಾರು ಮೊದಲು ಹತ್ತಬೇಕು, ಯಾರು ಕಾಯಬೇಕು ಎಂದು ಮೈಕಿನಲ್ಲಿ ಕೂಗುತ್ತಾರೆ. ದುಡ್ಡು ಕೊಟ್ಟು ದೊಡ್ಡ ಸೀಟು ಕೊಳ್ಳುವುದು ವ್ಯಾಪಾರ. ದರ್ಜೆಯ ಮೇಲೆ ಸೀಟು ಪಡೆದು, ಅದು ತನ್ನ ಯೋಗ್ಯತೆಯೆಂದು ನಂಬುವುದು ಬೇರೆ ರೋಗ. ಆ ರೋಗ ಹತ್ತಿದ ಮೇಲೆಯೇ ಬಸ್ಸಿನಲ್ಲಿ ಕೂತವಳು ಅಯೋಗ್ಯಳಾಗಿ ಕಾಣತೊಡಗುವುದು.

ಬೀದರಿನ ವಿಮಾನವನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಬೀದರಿನ ಆಕಾಶಕ್ಕೆ ವಿಮಾನ ಹೊಸದಲ್ಲ. ವಾಯುಪಡೆಯ ತರಬೇತಿ ಕೇಂದ್ರ ಅಲ್ಲಿದೆ, ಸೂರ್ಯಕಿರಣ್ ತಂಡದ ನೆಲೆ ಅಲ್ಲಿದೆ. ಆದರೆ ಹೈದರಾಬಾದ್ ನಿಲ್ದಾಣದ 150 ಕಿ.ಮೀ. ಒಳಗೆ ಇನ್ನೊಂದು ಬೇಡ ಎಂಬ ಒಪ್ಪಂದದ ಷರತ್ತಿನಿಂದಾಗಿ ಜನರ ವಿಮಾನ ವರ್ಷಗಟ್ಟಲೆ ತಡವಾಯಿತು. 2020ರ ಫೆಬ್ರುವರಿ 7ರಂದು ಟ್ರೂಜೆಟ್ ಬಂತು, ಕೆಲಕಾಲಕ್ಕೆ ನಿಂತಿತು. 2022ರಲ್ಲಿ ಸ್ಟಾರ್ ಏರ್ ಬಂತು, 2023ರ ಕೊನೆಗೆ ನಿಂತಿತು, 2025ರ ಏಪ್ರಿಲಿನಲ್ಲಿ ಮತ್ತೆ ಹಾರಿತು. ಉಡಾನ್ ಯೋಜನೆಯ ಹಣೆಬರಹವೇ ಹೀಗೆ. ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403ರಲ್ಲಿ ವಿಮಾನ ಹಾರಲೇ ಇಲ್ಲ. ಹಾರಿದ 371ರಲ್ಲಿ 3 ವರ್ಷದ ಅವಧಿ ಪೂರೈಸಿದವು 112. ಅದರಾಚೆಗೂ 2023ರ ಮಾರ್ಚ್‌ವರೆಗೆ ಉಳಿದವು 54. ಇದು ಮಹಾಲೇಖಪಾಲರ 2023ರ ವರದಿಯ ಲೆಕ್ಕ. ಉಡಾನ್ ಸೀಟಿಗೂ ಬೇರೆಯವರ ದುಡ್ಡು ಸೇರಿದೆ: ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಹಾಕಿದ ಲೆವಿಯಿಂದ ಈ ನಷ್ಟ ತುಂಬುತ್ತಾರೆ. ಹಾಗಾಗಿ ಬೆಂಗಳೂರು–ದೆಹಲಿ ಓಡಾಡುವವರು ನಮಗೂ ಕೊಟ್ಟಿದ್ದಾರೆ, ನಿಜ. ಬೀದರಿನಿಂದ ವಿಮಾನ ಹತ್ತುವ ವ್ಯಾಪಾರಿಯನ್ನಾಗಲಿ ಅಧಿಕಾರಿಯನ್ನಾಗಲಿ ಬಿಟ್ಟಿ ಪ್ರಯಾಣಿಕ ಎಂದು ಯಾರೂ ಕರೆಯುವುದಿಲ್ಲ. ಅಲ್ಲಿ ಅದರ ಹೆಸರು ಅಭಿವೃದ್ಧಿ. ಬೇರೆಯವರ ದುಡ್ಡಿನ ಪ್ರಯಾಣಕ್ಕೆ ಹೀಗೆ ಮೂರು ಹೆಸರಾಯಿತು. ಬೈಗುಳ ಇರುವುದು ಬಸ್ಸಿಗೆ ಮಾತ್ರ.

ಆ ಬೈಗುಳದ ಮೂಲವನ್ನೂ ತಿಳಿದಿರಬೇಕು. ಬಿಟ್ಟಿ ಎಂಬ ಮಾತು ಬಂದದ್ದು ವಿಷ್ಟಿಯಿಂದ. ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ ಅದು. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ಬಿಟ್ಟಿ ಬೇಗಾರಿ ನಿಘಂಟಿನ ಪದವಲ್ಲ, ಅಜ್ಜ ಅಜ್ಜಿಯರ ಬೆನ್ನಿನ ನೋವು. ಬಿಟ್ಟಿ ಮಾಡಿದವರು ದುಡಿದವರು, ಬಿಟ್ಟಿಯ ಫಲ ಉಂಡವರು ಗಡಿಯಲ್ಲಿ ಕೂತವರು. ಪುಕ್ಕಟೆ ದುಡಿದವರ ಮೊಮ್ಮಗಳು ಇಂದು ಹುಮನಾಬಾದಿನ ಆಸ್ಪತ್ರೆಗೆ ಬಸ್ಸಿನಲ್ಲಿ ಹೋದರೆ, ಅದೇ ಮಾತನ್ನು ಅವಳ ಮುಖಕ್ಕೆ ಎಸೆಯುತ್ತೇವೆ.

ಪಾಯಿಂಟುಗಳನ್ನು ರದ್ದು ಮಾಡಿ ಎಂದು ನಾನು ಕೇಳುತ್ತಿಲ್ಲ. ಕೇಳುವುದು ಲೆಕ್ಕ. ರಾಜ್ಯ ಸರ್ಕಾರ, ನಿಗಮಗಳು, ವಿಶ್ವವಿದ್ಯಾಲಯಗಳ ದುಡ್ಡಿನಲ್ಲಿ ಹಾರಿದವರ ಪಾಯಿಂಟುಗಳು ಆಯಾ ಸಂಸ್ಥೆಗೆ ಜಮಾ ಆಗಲಿ, ವರ್ಷಕ್ಕೊಮ್ಮೆ ಅದರ ಪಟ್ಟಿ ಹೊರಬರಲಿ. ಕಾರ್ಡಿನ ಕಮಿಷನ್ ಎಷ್ಟೆಂದು ಬಿಲ್ಲಿನಲ್ಲಿ ಅಚ್ಚಾಗಲಿ, ನಗದು ಕೊಡುವವರಿಗೆ ಅಷ್ಟು ಕಡಿಮೆಯಾಗಲಿ. ಗಡಿ ತಾಲೂಕುಗಳ ಹೆಂಗಸರಿಗೆ ಶಕ್ತಿ ಟಿಕೆಟ್ ಜಹೀರಾಬಾದಿನವರೆಗಾದರೂ ಸಲ್ಲುವಂತೆ ಎರಡು ಸರ್ಕಾರಗಳು ಕೂತು ಮಾತಾಡಲಿ. ಅಲ್ಲಿಯವರೆಗೆ, ಪಾಯಿಂಟಿನ ಮೇಲೆ ಹಾರುವ ಸ್ನೇಹಿತರು ಬಿಟ್ಟಿ ಎಂಬ ಮಾತನ್ನು ನಾಲಿಗೆಗೆ ತರುವ ಮೊದಲು, ತಮ್ಮ ಬೋರ್ಡಿಂಗ್ ಪಾಸಿನ ದುಡ್ಡು ಯಾರು ಕೊಟ್ಟರು ಎಂದು ಒಮ್ಮೆ ವಿಚಾರಿಸಲಿ. ಬೇಮಳಖೇಡದ ಹೆಂಗಸಿನ ಟಿಕೆಟ್ಟಿನ ಮೇಲೆ ಅದಕ್ಕೆ ಉತ್ತರ ಅಚ್ಚಾಗಿಯೇ ಇರುತ್ತದೆ.