ಸಾಲು ತಪ್ಪುವ ಸಮೀಕರಣ

ಗಣಿತ ಟೈಪ್ ಮಾಡಿದವರಿಗೆಲ್ಲ ಈ ಕಾಟ ಗೊತ್ತು. ವಾಕ್ಯದ ನಡುವೆ ಒಂದು ಭಿನ್ನರಾಶಿ ಹಾಕಿದರೆ, ಅದು ಅಕ್ಷರಗಳ ಸಾಲು ಬಿಟ್ಟು ಮೇಲೆ ಹೋಗಿ ಕೂರುತ್ತದೆ.

ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಹೊರತರುತ್ತದೆ. ಆದರೆ ಅಭ್ಯಾಸದ ಪ್ರಶ್ನೆಪತ್ರಿಕೆಗಳನ್ನು ಮಾಸ್ತರರೇ ಟೈಪ್ ಮಾಡಿಸಬೇಕು. ಈಚೆಗೆ ಸದಾಶಿವ ಪೇಠದ ಡಿಟಿಪಿ ಅಂಗಡಿಯೊಂದರಲ್ಲಿ ಜತ್ತ ಕಡೆಯ ಮಾಸ್ತರರೊಬ್ಬರು ಸಿಕ್ಕರು. ಸಾಲುಗಳು ಒಂದೇ ಸಮ ಕಾಣಲೆಂದು ಅಂಗಡಿಯವರು ಅಂತರವನ್ನು ‘ಎಕ್ಸಾಕ್ಟ್‌ಲಿ’ಗೆ ಇಟ್ಟಿದ್ದರು. ಅಂಶದ ತಲೆಯ ಮೇಲಿನ 2 ಕತ್ತರಿಸಿಹೋಗಿತ್ತು. “ಹುಡುಗ್ರು ಎಕ್ಸ್ ವರ್ಗ ಅನ್ನೂದಿಲ್ರೀ, ಬರೇ ಎಕ್ಸ್ ಅಂತ ತಿಳ್ಕೊಂಡು ಲೆಕ್ಕಾ ಮಾಡ್ತಾರ” ಎಂದರು. ಲೆಕ್ಕ ಬಲ್ಲ ಹುಡುಗನಿಗೂ ಅಂಕ ಹೋಗುತ್ತದೆ.

ಅಕ್ಷರಗಳು ಕೂರುವ ಕಾಣದ ಗೆರೆಯೇ ಬೇಸ್‌ಲೈನ್. ಸಮೀಕರಣವನ್ನು ಚಿತ್ರವಾಗಿ ಅಂಟಿಸಿದರೆ ಚಿತ್ರದ ತಳ ಆ ಗೆರೆಯ ಮೇಲೆ ನಿಲ್ಲುತ್ತದೆ. ಛೇದ ಅಕ್ಷರಗಳ ಮಟ್ಟಕ್ಕೆ ಬಂದು, ಅಂಶ ಅದರ ಮೇಲಕ್ಕೇರುತ್ತದೆ. ಸರಿಯಾದ ಜೋಡಣೆಯಲ್ಲಿ ಭಿನ್ನರಾಶಿಯ ಅಡ್ಡಗೆರೆ ಮೈನಸ್ ಚಿಹ್ನೆಯ ಎತ್ತರದಲ್ಲಿರಬೇಕು. ತಮ್ಮ ಪುಸ್ತಕದ ಪ್ರೂಫ್ ನೋಡಿ ಬೇಸತ್ತ ಡೊನಾಲ್ಡ್ ಕ್ನೂತ್ 1977ರಲ್ಲಿ ಕಟ್ಟಲು ಹೊರಟ ‘ಟೆಕ್’ ತಂತ್ರಾಂಶ ಈ ಲೆಕ್ಕವನ್ನು ತಾನೇ ಮಾಡುತ್ತದೆ.

ಕನ್ನಡದಲ್ಲಿ ತೊಡಕು ಇನ್ನೂ ಹೆಚ್ಚು. ನಮ್ಮ ಒತ್ತಕ್ಷರಗಳು ಗೆರೆಯ ಕೆಳಗಿಳಿಯುತ್ತವೆ, ಕೆಳಸಾಲಿನ ಅಂಶ ಮೇಲೇರುತ್ತದೆ. ಇಬ್ಬರಿಗೂ ಬೇಕಾದ್ದು ಒಂದೇ ಜಾಗ.

ವರ್ಡ್‌ನಲ್ಲಿ ಹೀಗೆ ಮಾಡಿ. ಆಲ್ಟ್ ಜೊತೆ ಸಮ ಚಿಹ್ನೆಯ ಕೀಲಿ ಒತ್ತಿ ಸಮೀಕರಣ ಬರೆಯಿರಿ. 2007ರ ಆವೃತ್ತಿಯಲ್ಲಿ ಬಂದ ಈ ಸೌಲಭ್ಯ ಬೇಸ್‌ಲೈನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕಡತವನ್ನು ಡಾಕ್ಸ್ ರೂಪದಲ್ಲೇ ಉಳಿಸಿ. ಹಳೆಯ ಡಾಕ್ ರೂಪಕ್ಕೆ ತಿರುಗಿಸಿದರೆ ಸಮೀಕರಣ ಚಿತ್ರವಾಗಿಬಿಡುತ್ತದೆ. ಸಾಲಿನ ಅಂತರ ‘ಅಟ್ ಲೀಸ್ಟ್’ ಇರಲಿ. ಆಗ ಎತ್ತರದ ಸಮೀಕರಣ ಬಂದಲ್ಲಿ ಸಾಲು ತಾನೇ ಜಾಗ ಬಿಡುತ್ತದೆ. ಕೈಯಲ್ಲಿರುವುದು ಚಿತ್ರವೇ ಆದರೆ ಅದನ್ನು ಆಯ್ದುಕೊಂಡು, ಫಾಂಟ್ ಕಿಟಕಿಯ ‘ಅಡ್ವಾನ್ಸ್ಡ್’ನಲ್ಲಿ ‘ಪೊಸಿಷನ್’ ಹುಡುಕಿ, ‘ಲೋವರ್ಡ್’ ಆರಿಸಿ ಒಂದೊಂದೇ ಪಾಯಿಂಟ್ ಕೆಳಗಿಳಿಸಿ. ಲಿಬ್ರೆ ಆಫೀಸ್ ಬಳಸುವವರು ರೈಟರ್‌ನ ಆಯ್ಕೆಗಳಲ್ಲಿ, ‘ಫಾರ್ಮ್ಯಾಟಿಂಗ್ ಏಡ್ಸ್’ ಕೆಳಗೆ ‘ಮ್ಯಾಥ್ ಬೇಸ್‌ಲೈನ್ ಅಲೈನ್‌ಮೆಂಟ್’ ಗುರುತು ಹಾಕಿರಲಿ.

ಸಣ್ಣ ಭಿನ್ನರಾಶಿಗೆ ಇಷ್ಟೆಲ್ಲ ಬೇಡ. ವಾಕ್ಯದೊಳಗೆ 3/4 ಎಂದು ಓರೆಗೆರೆ ಹಾಕಿದರೆ ಸಾಕು; ದೊಡ್ಡದಕ್ಕೆ ಪ್ರತ್ಯೇಕ ಸಾಲು ಕೊಡಿ. ನೂರು ಪ್ರತಿ ತೆಗೆಸುವ ಮುಂಚೆ ಒಂದನ್ನು ಮುದ್ರಿಸಿ, ಘಾತಗಳನ್ನಷ್ಟೇ ಬೆರಳಿಟ್ಟು ಓದಿ. ಪರೀಕ್ಷೆಯ ಕೋಣೆಯಲ್ಲಿ ಹುಡುಗರ ಕೈಗೆ ಸಿಗುವುದು ಆ ಕಾಗದ ಮಾತ್ರ.