ನೆಂಟರಾಗಿದ್ದರೆ ಪಾಠ ಆಗುವುದಿಲ್ಲ

ಶಾಲಾ ಇಂಟರ್ನ್‌ಶಿಪ್‌ಗೆ ಹೊರಡುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಮೇಡಂ, ಮೊದಲನೇ ವಾರ ಬರೀ ವೀಕ್ಷಣೆ ತಾನೇ?" ಹೌದು ಎಂದ ಕೂಡಲೇ ಅವರ ಮುಖ ಹಗುರವಾಗುತ್ತದೆ. ಆ ಹಗುರ ನನಗೆ ಹೊಸದಲ್ಲ. ಶಿಕ್ಷಕರ ವಿನಿಮಯ ಯೋಜನೆಯಲ್ಲಿ ಒಂದು ವರ್ಷ ಅಮೆರಿಕದ ಉತ್ತರ ಕೆರೊಲಿನಾದ ಪ್ರೌಢಶಾಲೆಯೊಂದಕ್ಕೆ ಗಣಿತ ಕಲಿಸಲು ಹೋದಾಗ ನನ್ನ ಮನಸ್ಸೂ ಹಾಗೇ ಇತ್ತು. ಅದರಿಂದ ಆದ ನಷ್ಟವನ್ನು ಕಂಡಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಮೇ ಕೊನೆಗೆ ಶಾಲೆ ಬಾಗಿಲು ತೆರೆದರೆ ಅಲ್ಲಿ ಬೇಸಿಗೆ ರಜೆ ಮುಗಿಯುವುದು ಆಗಸ್ಟ್‌ನಲ್ಲಿ. ಉಪ್ಪಾರಹಳ್ಳಿಯ ಮನೆಗೆ ಬೀಗ ಹಾಕಿ ಜುಲೈನಲ್ಲೇ ಹೊರಟ ನಾನು, ಎರಡು ವಾರ ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗಳ ಮನೆಯಲ್ಲಿ ಉಳಿದೆ. ಊರು ಸುತ್ತಿದೆ, ಫೋಟೊ ತೆಗೆದೆ. ಆಮೇಲೆ ಶಾಲೆಯ ಊರಿಗೆ ಹೋಗಿ ಬಾಡಿಗೆ ಮನೆ ಹಿಡಿದೆ, ಬ್ಯಾಂಕ್ ಖಾತೆ ತೆರೆದೆ, ಕುಕ್ಕರ್ ಜೋಡಿಸಿಕೊಂಡೆ. ನೆಲೆ ನಿಂತಾಯಿತು ಎಂದುಕೊಂಡೆ. ಮನೆ ಮಾಡುವುದೇ ಬೇರೆ, ಶಾಲೆಯಲ್ಲಿ ನೆಲೆಯಾಗುವುದೇ ಬೇರೆ ಎಂಬುದು ಆಗ ತಿಳಿದಿರಲಿಲ್ಲ.

ಶಾಲೆಯವರು ನನ್ನನ್ನು ಬಹಳ ಗೌರವದಿಂದ ಕಂಡರು. ಊಟದ ಹಾಲಿನ ಮೇಲ್ವಿಚಾರಣೆ, ಬಸ್ಸಿನ ಸಾಲು ನೋಡಿಕೊಳ್ಳುವ ಸರದಿ ಯಾವುದನ್ನೂ ನನಗೆ ಹಾಕಲಿಲ್ಲ. "ನೀವು ಹೊಸಬರು, ಆರಾಮವಾಗಿರಿ" ಎಂದರು. ನಾನೂ ಆರಾಮವಾಗಿಯೇ ಇದ್ದೆ. ಅಲ್ಲಿ ಗಂಟೆ ಹೊಡೆದರೆ ಶಿಕ್ಷಕರು ಕೊಠಡಿ ಬದಲಿಸುವುದಿಲ್ಲ, ಮಕ್ಕಳೇ ಎದ್ದು ಮುಂದಿನ ಕೊಠಡಿಗೆ ನಡೆಯುತ್ತಾರೆ. ಅದನ್ನೂ ಪ್ರವಾಸಿಯ ಹಾಗೆ ನಿಂತು ನೋಡುತ್ತಿದ್ದೆ.

ಮೊದಲ ಪರೀಕ್ಷೆಯಲ್ಲಿ ಅರ್ಧ ತರಗತಿ ಎಡವಿತು. ಮಕ್ಕಳಿಗೆ ಬುನಾದಿಯೇ ಗಟ್ಟಿಯಿಲ್ಲ ಎಂದು ನನ್ನ ದಿನಚರಿಯಲ್ಲಿ ಬರೆದುಕೊಂಡೆ. ಎರಡನೇ ತಿಂಗಳಲ್ಲಿ ಸಹೋದ್ಯೋಗಿಯೊಬ್ಬರು ರಜೆ ಹಾಕಿದ್ದರಿಂದ ಊಟದ ಹಾಲಿನ ಸರದಿ ನನ್ನ ಪಾಲಿಗೆ ಬಂತು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಅಳುಕುತ್ತಲೇ ಕೇಳಿದಳು: "ನೀವು 'ಇಂಟು' ಅನ್ನುವುದು ಗುಣಾಕಾರಕ್ಕಾ?"

ನಾವು 'ಫೋರ್ ಇಂಟು ಟ್ವೆಲ್ವ್' ಎಂದರೆ 48. ಅಲ್ಲಿನ ಮಕ್ಕಳ ಕಿವಿಗೆ ಅದು ಹನ್ನೆರಡರಲ್ಲಿ ನಾಲ್ಕು ಎಷ್ಟು ಸಲ ಹೋಗುತ್ತದೆ ಎಂಬ ಭಾಗಾಕಾರದ ಪ್ರಶ್ನೆ, ಉತ್ತರ 3. ಬಾಯಿಲೆಕ್ಕದಲ್ಲಿ ನಾನು ಗುಣಿಸು ಎಂದಾಗಲೆಲ್ಲ ಅವರು ಭಾಗಿಸುತ್ತಿದ್ದರು. ಒಂದು ಲಕ್ಷಕ್ಕೆ ನಾನು ಹಾಕುವ ಅಲ್ಪವಿರಾಮದ ಜಾಗವೂ ಅವರಿಗೆ ಬೇರೆ: ನಮ್ಮದು 1,00,000, ಅವರದು 100,000. ಆರು ವಾರ ಯಾರೂ ತಿದ್ದಲಿಲ್ಲ. ಮನೆಗೆ ಬಂದ ನೆಂಟರ ಮಾತನ್ನು ಯಾರು ತಿದ್ದುತ್ತಾರೆ? ಬುನಾದಿ ಗಟ್ಟಿಯಿಲ್ಲದ್ದು ನನ್ನದೇ. ಮರುದಿನವೇ ಮುಖ್ಯಸ್ಥರ ಬಳಿ ಹೋಗಿ ಎಲ್ಲರಂತೆ ನನಗೂ ಸರದಿ ಹಾಕಿ ಎಂದು ಕೇಳಿಕೊಂಡೆ. ನನ್ನ ರಜೆ ನಿಜವಾಗಿ ಮುಗಿದದ್ದು ಆ ದಿನ.

ಇದಕ್ಕೆ ಸಮುದ್ರ ದಾಟಬೇಕಾಗಿಲ್ಲ. ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕು ಬಹುಪಾಲು ಆಂಧ್ರದ ನೆಲದಿಂದಲೇ ಸುತ್ತುವರಿದಿದೆ. ಅಲ್ಲಿನ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಅಲ್ಲಿಗೆ ಹೋಗಿದ್ದ ನನ್ನ ಪ್ರಶಿಕ್ಷಣಾರ್ಥಿಯೊಬ್ಬ ಭಿನ್ನರಾಶಿಯ ಪಾಠದಲ್ಲಿ 'ಕಾಲು' ಎಂದಾಗಲೆಲ್ಲ ಮಕ್ಕಳು ನಗುತ್ತಾರೆ, ಶಿಸ್ತಿಲ್ಲ ಎಂದು ದೂರಿದ. ತೆಲುಗಿನಲ್ಲೂ ಕಾಲು ಎಂದರೆ ನಡೆಯುವ ಕಾಲೇ. ನಾಲ್ಕನೇ ಒಂದು ಭಾಗಕ್ಕೆ ಅಲ್ಲಿ 'ಪಾವು' ಎನ್ನುತ್ತಾರೆ, ಅರ್ಧಕ್ಕೆ 'ಸಗಂ'. ಬಿಸಿಯೂಟದ ಹೊತ್ತಿನಲ್ಲಿ ಮಕ್ಕಳು ಬಾಳೆಹಣ್ಣು ಹಂಚಿಕೊಳ್ಳುವಾಗ ಪಕ್ಕದಲ್ಲಿ ಕೂತಿದ್ದರೆ ಒಂದೇ ದಿನದಲ್ಲಿ ಅವನಿಗೆ ಇದು ತಿಳಿಯುತ್ತಿತ್ತು. ಅವನು ಆ ಹೊತ್ತಿನಲ್ಲಿ ಸಿಬ್ಬಂದಿ ಕೊಠಡಿಯಲ್ಲಿ ಪಾಠಯೋಜನೆ ಬರೆಯುತ್ತಿದ್ದ. ಬರೆಯಲೇಬೇಕಿತ್ತು, ನಾವು ಎಣಿಸುವುದು ಅದನ್ನೇ.

ಎನ್‌ಸಿಟಿಇ 2014ರ ನಿಯಮಾವಳಿ ಎರಡು ವರ್ಷದ ಬಿ.ಎಡ್.ನಲ್ಲಿ ಶಾಲೆಯೊಡನೆ 20 ವಾರಗಳ ಒಡನಾಟ ಇರಬೇಕೆಂದಿತು. ಅದರಲ್ಲಿ 16 ವಾರ ಎರಡನೇ ವರ್ಷದ್ದು. ಇಷ್ಟು ದೀರ್ಘ ಅವಧಿ ಕೊಟ್ಟದ್ದು ಹೆಚ್ಚು ಪಾಠ ಒಪ್ಪಿಸಲಿ ಎಂದಷ್ಟೇ ಅಲ್ಲ, ಶಾಲೆಯವರಲ್ಲಿ ಒಬ್ಬರಾಗಲಿ ಎಂದು. ನಾವಾದರೋ ಅದನ್ನು ಪಾಠಗಳ ಲೆಕ್ಕಕ್ಕೆ ಇಳಿಸಿಕೊಂಡಿದ್ದೇವೆ.

ಒಂದು ಆಕ್ಷೇಪ ನ್ಯಾಯವಾದದ್ದೇ. ಎಲ್ಲ ಕೆಲಸಕ್ಕೂ ಪ್ರಶಿಕ್ಷಣಾರ್ಥಿಗಳನ್ನು ಬಿಟ್ಟರೆ, ಹುದ್ದೆ ಖಾಲಿ ಇರುವ ಶಾಲೆಗಳು ಅವರನ್ನು ಸಂಬಳವಿಲ್ಲದ ಮೇಷ್ಟ್ರುಗಳನ್ನಾಗಿ ಮಾಡಿಕೊಳ್ಳುತ್ತವೆ ಎನ್ನುತ್ತಾರೆ. ಇದು ನಡೆಯುತ್ತದೆ, ಒಪ್ಪುವುದಿಲ್ಲ. ಖಾಲಿ ತರಗತಿ ತುಂಬಿಸುವುದು ಬೇರೆ, ಮಾರ್ಗದರ್ಶಿ ಶಿಕ್ಷಕರ ಜೊತೆಗೆ ನಿಂತು ಸರದಿ ಮಾಡುವುದು ಬೇರೆ. ಈ ಗೆರೆಯನ್ನು ಇಂಟರ್ನ್‌ಶಿಪ್ ಆರಂಭಕ್ಕೆ ಮೊದಲೇ ಕಾಲೇಜು ಮತ್ತು ಶಾಲೆ ಕೂತು ಬರೆದುಕೊಳ್ಳಬೇಕು.

ನನ್ನ ಸಲಹೆಗಳು ಮೂರು. ವೀಕ್ಷಣೆಯ ವಾರ ಹಿಂದಿನ ಬೆಂಚಿನಲ್ಲಿ ಮಾತ್ರ ನಡೆಯದಿರಲಿ. ಪ್ರಾರ್ಥನೆ, ಹಾಜರಿ, ಬಿಸಿಯೂಟಗಳಲ್ಲೂ ನಡೆಯಲಿ. ಆ ವಾರದ ಕೊನೆಗೆ ಒಂದು ತರಗತಿಯ ಎಲ್ಲ ಮಕ್ಕಳ ಹೆಸರು ನೋಡದೆ ಹೇಳುವಂತಾಗಲಿ. ಚಿಂತನಾ ದಿನಚರಿಯಲ್ಲಿ ವಾರಕ್ಕೊಂದು ಸಾಲು ಕಡ್ಡಾಯವಾಗಲಿ: ಈ ವಾರ ಮಕ್ಕಳಿಂದ ತಿಳಿದು ನಾನು ಬದಲಿಸಿಕೊಂಡ ಮಾತು ಯಾವುದು? ಪಾಠಯೋಜನೆಗೆ ಕೊಡುವಷ್ಟೇ ತೂಕವನ್ನು ನಾವು ಆ ಸಾಲಿಗೂ ಕೊಡೋಣ.

ನಾನು ಹೋಗಿದ್ದ ಜೆ-1 ವೀಸಾದ ಶಿಕ್ಷಕರು ಅವಧಿ ಮುಗಿದ ಮೇಲೆ ಎರಡು ವರ್ಷ ಅಮೆರಿಕದ ಹೊರಗೆ ಇದ್ದೇ ಮತ್ತೆ ಶಿಕ್ಷಕರಾಗಿ ಅಂಥ ವಿನಿಮಯಕ್ಕೆ ಹೋಗಬಹುದು. ಕಲಿತದ್ದನ್ನು ಊರಿಗೆ ತಲುಪಿಸಲಿ ಎಂಬುದು ಅದರ ಆಶಯ. ನಾನು ತಂದದ್ದು ಆ ಹುಡುಗಿಯ ಪ್ರಶ್ನೆಯನ್ನು. ಈ ಸಲ ನಮ್ಮ ಪ್ರಶಿಕ್ಷಣಾರ್ಥಿಗಳು ಗುಬ್ಬಿ, ಕುಣಿಗಲ್, ಪಾವಗಡದ ಶಾಲೆಗಳಿಗೆ ಹೊರಡುವಾಗ, ಅಂಥ ಪ್ರಶ್ನೆ ಅವರಿಗೆ ಮೊದಲ ವಾರದಲ್ಲೇ ಸಿಗಲಿ.