ಓಟವೋ, ನಡಿಗೆಯೋ?

ನಮ್ಮ ಕಟ್ಟಾಯದ ಸುತ್ತಿನ ಹುಡುಗರನೇಕರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಉದ್ಯೋಗದಲ್ಲಿರುವರಷ್ಟೆ. ಹಬ್ಬಕ್ಕೆ ಬಂದಾಗಲೂ ಅವರು ‘ಸ್ಕ್ರಮ್’, ‘ಸ್ಪ್ರಿಂಟ್’, ‘ಬ್ಯಾಕ್‌ಲಾಗ್’ ಎನ್ನುತ್ತಿರಲು, ಇದಾವ ಮಂತ್ರವೋ ಎಂದು ಹಿರಿಯರು ಬೆರಗಾಗುವುದುಂಟು. ತಂಗಿಯ ಮಗನಿಂದ ನಾನು ಕೇಳಿ ತಿಳಿದುದನ್ನು ವಾಚಕರ ಮುಂದಿಡುತ್ತೇನೆ.

ಹಿಂದೆ ಇಡಿಯ ಕೆಲಸವನ್ನು ಮೊದಲೇ ಯೋಜಿಸಿ, ಬಹುಕಾಲ ದುಡಿದು, ಕಡೆಯಲ್ಲಿ ಗಿರಾಕಿಗೆ ಒಪ್ಪಿಸುವ ವಾಡಿಕೆ ಹೆಚ್ಚಾಗಿದ್ದಿತು. ಅಷ್ಟರಲ್ಲಿ ಅವನ ಅಗತ್ಯವೇ ಬದಲಾದರೆ ಶ್ರಮವೆಲ್ಲ ವ್ಯರ್ಥ. ಆದುದರಿಂದ 2001ನೆಯ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ಅನುಭವಿಗಳು ಕೂಡಿ, ಸ್ವಲ್ಪ ಸ್ವಲ್ಪವಾಗಿ ಮಾಡಿ, ಆಗಾಗ ತೋರಿಸಿ, ತಿದ್ದಿಕೊಳ್ಳುತ್ತ ಸಾಗುವ ‘ಅಜೈಲ್’ ತತ್ತ್ವಗಳನ್ನು ಸಾರಿದರು. ವರ್ಷಾಂತ್ಯದ ಪರೀಕ್ಷೆಯೊಂದನ್ನೇ ನಂಬದೆ, ದಿನದಿನವೂ ಸ್ಲೇಟನ್ನು ನೋಡಿ ತಿದ್ದುವ ಉಪಾಧ್ಯಾಯನ ಕ್ರಮವೇ ಇದು.

‘ಸ್ಕ್ರಮ್’ ಎಂಬುದು ರಗ್ಬಿ ಆಟದ ಮಾತು. ಆಟಗಾರರು ಹೆಗಲಿಗೆ ಹೆಗಲು ಕೊಟ್ಟು ಚೆಂಡಿಗಾಗಿ ಒತ್ತುವುದೆಂದರ್ಥ. ‘ಬ್ಯಾಕ್‌ಲಾಗ್’ ಎಂದರೆ ಮುಂದೆ ಮಾಡತಕ್ಕ ಕೆಲಸಗಳ ಪಟ್ಟಿ. ಅದರಿಂದ ಕೆಲವನ್ನಾಯ್ದು ತಿಂಗಳೊಳಗಿನ ಒಂದು ಗೊತ್ತಾದ ಅವಧಿಯಲ್ಲಿ ಮುಗಿಸಲೆತ್ನಿಸುವುದು ‘ಸ್ಪ್ರಿಂಟ್’. ನಿತ್ಯವೂ 15 ನಿಮಿಷ ಕೂಡಿ ಕೆಲಸವನ್ನು ಪರಾಮರ್ಶಿಸುವರು. ಕೊನೆಗೆ ‘ರೆಟ್ರಾಸ್ಪೆಕ್ಟಿವ್’; ನಮ್ಮ ‘ಸಿಂಹಾವಲೋಕನ’ವೇ ಅದು. ಸಿಂಹವು ನಡೆದ ದಾರಿಯನ್ನು ತಿರುಗಿ ನೋಡುವಂತೆ, ಎಲ್ಲಿ ತಪ್ಪಿತೆಂದು ತಾವೇ ನೋಡಿಕೊಳ್ಳುವರು.

ಆದರೆ ‘ಸ್ಪ್ರಿಂಟ್’ ಎಂಬ ಹೆಸರೇ ಕೇಡಿಗೆ ಕಾರಣವಾಗುವುದುಂಟು. ಅದು ಅಲ್ಪದೂರದ ವೇಗದ ಓಟ. ಒಂದು ಮುಗಿದೊಡನೆ ಇನ್ನೊಂದು ಮೊದಲಾಗುವುದು. ಕಳೆದ ದೀಪಾವಳಿಯಂದು ಎಲೆಯ ಮುಂದೆ ಕುಳಿತಿದ್ದ ಹುಡುಗನು ಕರೆ ಬಂದಿತೆಂದು ಅರೆಯೂಟದಲ್ಲಿ ಎದ್ದುಹೋದನು. “ಮಾತು ಕೊಟ್ಟಿದ್ದೇನೆ, ಮಾವ” ಎಂದನು. ಅವನ ತಾಯಿ ತುತ್ತು ಮುಟ್ಟಲಿಲ್ಲ.

ಶಾಸ್ತ್ರವು ಹೀಗೆ ವಿಧಿಸುವುದೇ ಎಂದು ಅವನಿಂದಲೇ ಓದಿಸಿದೆನು. ಆ ಹನ್ನೆರಡು ತತ್ತ್ವಗಳಲ್ಲೊಂದು, ಎಲ್ಲರೂ ನಿರಂತರವಾಗಿ ತಾಳಬಲ್ಲ ಸಮಗತಿಯಲ್ಲಿಯೇ ಸಾಗಬೇಕೆನ್ನುವುದು. ಷ್ವೇಬರ್ ಮತ್ತು ಸದರ್‌ಲ್ಯಾಂಡ್ ಎಂಬವರು ಬರೆದ ‘ಸ್ಕ್ರಮ್ ಗೈಡ್’ 2011ರಲ್ಲಿ ಪರಿಷ್ಕೃತವಾದಾಗ, ಸ್ಪ್ರಿಂಟಿನ ಕೆಲಸವು ಕೊಟ್ಟ ಮಾತೆಂಬುದನ್ನು ಬಿಟ್ಟು ಅಂದಾಜು ಮಾತ್ರವೆಂದು ತಿದ್ದಲ್ಪಟ್ಟಿತು. ಅಂದಾಜನ್ನು ಆಣೆಯಾಗಿಸಿದುದು ಪದ್ಧತಿಯ ದೋಷವಲ್ಲ, ನಡೆಸುವವರ ದೋಷ.

ಆದುದರಿಂದ ಗೃಹಸ್ಥರು ಮಕ್ಕಳ ಬೆಳಗಿನ 15 ನಿಮಿಷಗಳಿಗೆ ಅಡ್ಡಿಮಾಡದಿರಲಿ. ನಡುರಾತ್ರಿಯ ದುಡಿಮೆ ನಿತ್ಯವಾದರೆ ಮಾತ್ರ, ಇದಾವ ತತ್ತ್ವವೆಂದು ಕೇಳಲಿ. “ಇದನ್ನು ನಿಮ್ಮ ಸಿಂಹಾವಲೋಕನದಲ್ಲಿ ಹೇಳಿದೆಯಾ?” ಎಂದೆನು. “ಇಲ್ಲ ಮಾವ, ಈ ಸಲ ಹೇಳುವೆ” ಎಂದನು.